ಸಿಂಬಿಯ ಬಟ್ಟೆ, ಉಳ್ಳಾಗಡ್ಡಿ ರಸ

ಗುಂಡವ್ವ ನಾಸಿಕದ ಕಡೆಯ ಲಾಸಲಗಾಂವಿನಿಂದ ಛತ್ರಪತಿ ಸಂಭಾಜಿನಗರಕ್ಕೆ ಮರಳಿದಾಗ ಚೀಲದ ತುಂಬ ಉಳ್ಳಾಗಡ್ಡಿ ಇತ್ತು, ಬಾಯಿ ತುಂಬ ಔಷಧಿ ಇತ್ತು. ಮೊಡವೆಯ ಕಪ್ಪು ಕಲೆಗೆ ಉಳ್ಳಾಗಡ್ಡಿ ರಸ ಒಳ್ಳೆಯದೆಂದು ಅಲ್ಲಿ ಲಾರಿ ತುಂಬುವ ತಂಗಿ ಭಾಗವ್ವ ಹೇಳಿದ್ದಳು. ಗುಂಡವ್ವನ ಬಾಯಲ್ಲಿ ಅದು, ಮೂರೇ ದಿನದಲ್ಲಿ ಮುಖ ಹುಣ್ಣಿಮೆ ಚಂದ್ರನಾಗುತ್ತದೆ ಎಂಬಷ್ಟು ಬೆಳೆದಿತ್ತು.

ಮುಖದ ತುಂಬ ಕಲೆಯಿದ್ದ ಮೊಮ್ಮಗಳು ಮಹಾಲಕ್ಷ್ಮಿ ನಂಬಿ ಹಚ್ಚಿಸಿಕೊಂಡಳು. ಊರ ಹತ್ತಿರದ ಬಿಡಕಿನ್‌ನಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಿದ್ದವಳಿಗೆ ಅಲ್ಲೇ ಹೊಸ ಕಾರ್ಖಾನೆಯಲ್ಲಿ, ನೆರಳಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತ್ತು. ಸೋಮವಾರ ಗೇಟಿನಲ್ಲಿ ಗುರುತಿನ ಚೀಟಿಗೆ ಫೋಟೋ ತೆಗೆಸಬೇಕು. “ಈ ಮಾರಿ ಹೊತ್ಕೊಂಡು ನಾ ಹೋಗಂಗಿಲ್ಲ” ಎಂದು ಹಟ ಹಿಡಿದಿದ್ದಳು.

ಮೂರನೆಯ ದಿನ ಚಂದ್ರ ಮೂಡಲಿಲ್ಲ. ಕೆನ್ನೆ ಉರಿದು ಕೆಂಪಾಗಿ, ಕಲೆಗಳು ಮತ್ತಷ್ಟು ಕಪ್ಪಾದವು. “ಚಿರತಿ ಮರಿ” ಎಂದು ಕಾಡಿಸುತ್ತಿದ್ದ ಗುಂಡವ್ವನೇ ಹುಡುಗಿಯನ್ನು ದವಾಖಾನೆಗೆ ಎಳೆದೊಯ್ದಳು. ಡಾಕ್ಟರ್ ಮಂದಾಕಿನಿ ಧಾರವಾಡದ ಕಡೆಯವರು.

“ಉಳ್ಳಾಗಡ್ಡಿ ಹಚ್ಚಿದವರು ಯಾರು?”

“ನಾನ ರೀ. ನನ್ನ ಜೇಲಿಗೆ ಹಾಕ್ರಿ, ಆಕಿ ಮಾರಿ ನೆಟ್ಟಗ ಮಾಡ್ರಿ.”

ಡಾಕ್ಟರ್ ನಕ್ಕು, ಮಹಾಲಕ್ಷ್ಮಿಯ ಹೆಗಲ ಮೇಲಿನ ಬಟ್ಟೆ ನೋಡಿದರು. “ಇದೇನವ್ವಾ?”

“ಸಿಂಬಿ ರೀ. ಸುತ್ತಿ ತಲಿ ಮ್ಯಾಲ ಇಟ್ಟು ಬುಟ್ಟಿ ಹೊರ್ತೀನಿ. ಧೂಳು ಎದ್ದರ ಬಿಚ್ಚಿ ಮಾರಿಗೆ ಕಟ್ಕೋತೀನಿ.”

“ತಲಿ ಎಣ್ಣಿ, ಬೆವರು, ಸಿಮೆಂಟು ಎಲ್ಲಾ ಮಾರಿಗೆ ತಿಕ್ಕಿದಂಗಾತಲ್ಲ! ಮೊಡವಿ ಏಳ್ತಾವ, ನೀ ಚಿವುಟ್ತಿ, ಬಿಸಿಲು ಬಡೀತೈತಿ, ಕಲಿ ಉಳೀತಾವ. ಮಾರಿಗೆ ಬ್ಯಾರೆ ಬಟ್ಟಿ ಇಡು, ದಿನಾ ಒಗಿ. ಚಿವುಟಬ್ಯಾಡ. ಉರಿ ಇಳಿದ ಮ್ಯಾಲ ರಾತ್ರಿ ಈ ಮುಲಾಮು, ಬಿಸಿಲಿಗೆ ಹೋಗೂ ಮುಂದ ಈ ಕ್ರೀಮು.”

“ಸೋಮವಾರಕ್ಕ ಹೋಗ್ತಾವೇನ್ರಿ?”

“ಮೂರ್ನಾಕು ತಿಂಗಳರ ಬೇಕು.”

ಸೋಮವಾರ ಗೇಟಿನಲ್ಲಿ ಫೋಟೋದವನು ಮುಖದ ಬಟ್ಟೆ ತೆಗೆ ಎಂದ. ಮಹಾಲಕ್ಷ್ಮಿ ತಿರುಗಿ ಹೊರಟೇಬಿಟ್ಟಳು. ಗುಂಡವ್ವ ತಲೆಯ ಸೆರಗು ಸರಿಸಿ ಅಡ್ಡ ನಿಂತಳು.

“ನನ್ನ ಮಾರಿ ನೋಡಽ! ಇಲ್ಲಿಂದ ಪೈಠಣದ ತನಕ ರಸ್ತಾ ಹೊಡದಾರ, ಸಾವಿರ ಲಾರಿ ಅಡ್ಡಾಡ್ಯಾವ. ನಿನ್ನ ಕಲಿ ನಾಕು ತಿಂಗಳಿಗೆ ಹೋಗ್ತಾವ. ಈ ಸುಕ್ಕು ನನ್ನ ಸಂಗಾಟನ ಹೋಗೂವು. ಹಂಗಂತ ನಾ ಉಳ್ಳಾಗಡ್ಡಿ ಚೀಲದಾಗ ಹೊಕ್ಕು ಕುಂದ್ರಲೇನು?”

ಮಹಾಲಕ್ಷ್ಮಿಗೆ ತಡೆಯಲಾಗಲಿಲ್ಲ. ನಗುತ್ತಲೇ ಮುಖದ ಬಟ್ಟೆ ಬಿಚ್ಚಿ ಅಜ್ಜಿಯ ಕೈಗಿತ್ತು, ಕ್ಯಾಮೆರಾದ ಮುಂದೆ ಕೂತಳು.

ಚೀಟಿಯಲ್ಲಿ ಕಲೆಯೂ ಬಂತು, ಹಲ್ಲೂ ಬಂತು. ಉಳಿದ ಉಳ್ಳಾಗಡ್ಡಿ ಕಡಲೆಹಿಟ್ಟಿನ ಜುಣಕಕ್ಕೆ ಹೋಯಿತು. ಓಣಿಯವರಿಗೆಲ್ಲ ಚೀಟಿ ತೋರಿಸುತ್ತ ಗುಂಡವ್ವ ಹೇಳಿದಳು: “ಎಣಿಸ್ರಿ, ನಲವತ್ತು ಹಲ್ಲು ಅದಾವ!”