ಬೆಲ್ ಒತ್ತಿಸಿದ ಡಾಕ್ಟರಮ್ಮ

ಒಂದು ದೇಶದಲ್ಲಿ ಓದಿ ಇನ್ನೊಂದು ದೇಶಕ್ಕೆ ಕೆಲಸಕ್ಕೆ ಬಂದ ಡಾಕ್ಟರುಗಳ ಮನೆಯಲ್ಲಿ ಒಂದು ಗೋಳು ಇದ್ದೇ ಇರುತ್ತದೆ. ಅಲ್ಲಿ ದೊಡ್ಡವರು, ಇಲ್ಲಿ ಹೊಸಬರು. ಈ ಹೆರಿಗೆ ಡಾಕ್ಟರಮ್ಮನ ಮನೆಯಲ್ಲೂ ಅದೇ ರಾಮಾಯಣ.

ಅವಳು ಪಾಳಿ ಮುಗಿಸಿ ಬಂದವಳೇ ಶೂ ಕಳಚಿ ಮೂಲೆಗೆ ಎಸೆದಳು. ಪಾತ್ರೆ ತೊಳೆಯುತ್ತಿದ್ದ ಗಂಡ ನಲ್ಲಿ ನಿಲ್ಲಿಸಿದ. ಅತ್ತೆ ಕುರ್ಚಿಯಿಂದ ಎದ್ದರು.

"ಏನಾಯ್ತೇ?"

"ಬಾಣಂತಿಗೆ ರಕ್ತ ಹೋಗ್ತಿತ್ತು ಅತ್ತೆ. ನಾನೊಬ್ಬಳೇ ನಿಲ್ಲಿಸಿದೆ. ಜೀವ ಉಳೀತು. ಹಿರಿಯ ಡಾಕ್ಟರು ಏನಂದ್ರು ಗೊತ್ತಾ? ನನ್ನನ್ನ ಯಾಕೆ ಕರೀಲಿಲ್ಲ ಅಂತ! ಶಭಾಷ್ ಅನ್ನೋದು ಬಿಟ್ಟು ಪಾಠ ಹೇಳಿದ್ರು."

ಅತ್ತೆಗೆ ಮೈಯೆಲ್ಲ ಉರಿಯಿತು. "ನನ್ನ ಸೊಸೆಗೆ ಪಾಠವಾ? ಅಲ್ಲಿ ನೀನು ವಾರ್ಡಿಗೆ ಕಾಲಿಟ್ರೆ ಎಲ್ರೂ ಎದ್ದು ನಿಲ್ತಿದ್ರು. ಬಿಟ್ಟಾಕು ಈ ಕೆಲಸಾನ! ನಾಳೇನೇ ಹೇಳ್ಬಿಡು."

"ಹೇಳೇ ಹೇಳ್ತೀನಿ."

"ಕೆಲಸ ಆಮೇಲೆ ಬಿಡು, ಮೊದಲು ಊಟ ಮಾಡು" ಎಂದ ಗಂಡ.

"ನೀನು ಸುಮ್ನೆ ಪಾತ್ರೆ ತೊಳಿಯೋ" ಎಂದರು ಅತ್ತೆ.

ಆ ಹೊತ್ತಿಗೆ ಮೇಲಿನ ಮಹಡಿಯ ಮಕ್ಕಳ ಡಾಕ್ಟರು ಬಂದರು. ಅವರೂ ಹೀಗೇ ಹೊರಗಿನಿಂದ ಬಂದು, ಇಲ್ಲೇ ದುಡಿದು ತಲೆ ನರೆತವರು. ಇವರ ಮನೆಯಿಂದ ತೆಗೆದುಕೊಂಡು ಹೋಗಿದ್ದ ಏಣಿಯನ್ನು ಬಾಗಿಲ ಪಕ್ಕ ಒರಗಿಸಿ, "ಮೆಟ್ಟಿಲವರೆಗೂ ಕೇಳಿಸ್ತಿದೆಯಮ್ಮಾ ನಿಮ್ಮ ಸಿಟ್ಟು" ಎಂದರು.

"ಕೇಳಿಸ್ಲಿ ಬಿಡಿ ಡಾಕ್ಟ್ರೇ. ಜೀವ ಉಳಿಸಿದೋಳನ್ನ ಬೈಯೋದು ಯಾವ ನ್ಯಾಯ?"

ವಿಷಯವನ್ನೆಲ್ಲ ಕೇಳಿದ ಮೇಲೆ ಅವರು ಸೊಸೆಯ ಕಡೆ ತಿರುಗಿದರು. "ಅಲ್ಲಿ ನರ್ಸ್ ಇರ್ಲಿಲ್ವಾ?"

"ಇದ್ರು. ತುರ್ತು ಬೆಲ್ ಒತ್ತೋಕೆ ಕೈ ಎತ್ತಿದ್ರು. ಬೇಡ, ನಾನು ನೋಡ್ಕೋತೀನಿ ಅಂದೆ."

"ಯಾಕಮ್ಮಾ ಬೇಡ ಅಂದೆ?"

"ಕೈಲಾಗ್ದೋಳು ಅಂದ್ಕೋತಾರಲ್ಲ ಅಣ್ಣ. ಹಳೇ ಆಸ್ಪತ್ರೇಲಿ ಹಿರಿಯರನ್ನ ಕರೆದ್ರೆ ವಾರಗಟ್ಟಲೆ ಆಡ್ಕೊಳ್ಳೋರು. ಯಾರನ್ನೂ ಕರೀದೆ ನಿಭಾಯಿಸಿದೋರೇ ಗಟ್ಟಿ ಡಾಕ್ಟರು."

"ನೋಡು, ಎಡವಿದ್ದು ಅಲ್ಲೇ! ನಾವೆಲ್ಲ ಗಂಟುಮೂಟೆ ಜೊತೆ ಈ ಅಭ್ಯಾಸಾನೂ ಕಟ್ಕೊಂಡು ಬರ್ತೀವಿ. ಇಲ್ಲಿ ಬೆಲ್ ಒತ್ತಿದ್ರೆ ಒಬ್ರು ರಕ್ತ ತರೋಕೆ ಓಡ್ತಾರೆ, ಇನ್ನೊಬ್ರು ಆಪರೇಷನ್ ಕೋಣೆ ಸಿದ್ಧ ಮಾಡ್ತಾರೆ, ಅರಿವಳಿಕೆ ಕೊಡೋರು ಬರ್ತಾರೆ. ನಿನ್ನ ಕೈಗೆ ರಕ್ತ ನಿಂತಿತು, ಸಂತೋಷ. ನಿಲ್ಲದೇ ಇದ್ದಿದ್ರೆ? ಆಮೇಲೆ ಕರೆದು, ಅವರು ಬಂದು, ರಕ್ತ ಬರೋ ಹೊತ್ತಿಗೆ ಆ ತಾಯಿ ಇರ್ತಿದ್ಲಾ?"

ಅತ್ತೆ ಬಿಡಬೇಕಲ್ಲ! "ಆದ್ರೂ ನಾಲ್ಕು ಜನರ ಮುಂದೆ ನಂಗೆ ಬರಲ್ಲ ಅನ್ನೋದಾ?"

"ಬರಲ್ಲ ಅಂತ ಯಾರಂದ್ರಮ್ಮಾ? ಇನ್ನಷ್ಟು ಕೈ ಬೇಕು ಅಂತ ಹೇಳೋದು. ನಿಮ್ಮ ಸೊಸೆಗೆ ವೈದ್ಯವಿದ್ಯೆ ಚೆನ್ನಾಗಿ ಗೊತ್ತು. ಈ ಆಸ್ಪತ್ರೆ ನಡೆಯೋ ರೀತಿ ಗೊತ್ತಿಲ್ಲ. ಅದೇ ಬೇರೆ, ಇದೇ ಬೇರೆ." ಮತ್ತೆ ಅವಳನ್ನು ಕೇಳಿದರು: "ಸೇರಿದಾಗ ಬೇರೆ ಡಾಕ್ಟರ ಜೊತೆಗಿದ್ದು ನೋಡೋಕೆ ದಿನ ಕೊಡ್ಲಿಲ್ವಾ?"

"ಕೊಡ್ತೀವಿ ಅಂದ್ರು. ಬೇಡ, ನೇರ ಕೆಲಸಕ್ಕೇ ಹಾಕಿ ಅಂದೆ."

"ಅಬ್ಬಬ್ಬಾ ಜಂಬವೇ! ನಾಳೆ ಹೋಗಿ ಕೇಳು. ಕೇಳಿದ್ರೆ ಈಗಲೂ ಕೊಟ್ಟಾರು. ಹಿರಿಯರನ್ನ ಕರೆಯೋವಾಗ ಫೋನಲ್ಲಿ ಸುತ್ತಿ ಬಳಸಿ ಮಾತಾಡ್ಬೇಡ. ನಾನು ಯಾರು, ರೋಗಿಗೆ ಏನಾಗ್ತಿದೆ, ನನಗೇನು ಅನುಮಾನ, ನೀವೇನು ಮಾಡ್ಬೇಕು, ಇಷ್ಟು ಹೇಳು. ಮದ್ದನ್ನ ಕಂಪನಿ ಇಟ್ಟ ಹೆಸರಲ್ಲಿ ಬರೀಬೇಡ, ಮದ್ದಿನ ಮೂಲ ಹೆಸರು ಬರಿ. ನಮ್ಮ ಕಡೆಯ ಹೆಸರು ಇಲ್ಲಿ ಬೇರೆ ಮದ್ದಿಗೆ ಇದ್ರೂ ಇರಬಹುದು. ಮಾತು ಅರ್ಥ ಆಗ್ದಿದ್ರೆ ಇನ್ನೊಂದ್ಸಲ ಹೇಳಿ ಅನ್ನು, ಸುಮ್ನೆ ತಲೆ ಆಡಿಸ್ಬೇಡ. ರೋಗಿ ಎದುರಿಗೇ ಇರುವಾಗ ಅವರ ಗಂಡನ ಹತ್ರ ವಿಚಾರಿಸ್ಬೇಡ."

ಅವಳಿಗೆ ನಗು ಬಂತು. "ಅದೂ ಆಯ್ತಣ್ಣ. ಮೊನ್ನೆ ಒಬ್ಬಾಕೆ, ಹೊಟ್ಟೆ ನಂದು ಡಾಕ್ಟ್ರೇ, ಅವರನ್ನ ಯಾಕೆ ಕೇಳ್ತೀರಾ ಅಂದ್ಲು."

"ಸರಿಯಾಗೇ ಅಂದಿದ್ದಾಳೆ" ಎಂದು ಅತ್ತೆಯೂ ನಕ್ಕುಬಿಟ್ಟರು. "ಹೋಗ್ಲಿ, ಇನ್ನೊಂದಷ್ಟು ದಿನ ನೋಡು."

ಮರುದಿನ ಅವಳು ಕೆಲಸ ಬಿಡುತ್ತೇನೆ ಎನ್ನಲಿಲ್ಲ. ಜೊತೆಗಿದ್ದು ಕಲಿಯುವ ದಿನ ಕೊಡಿ ಎಂದಳು. ಹಿರಿಯ ಡಾಕ್ಟರು ಒಪ್ಪಿದರು. ತನಗಿಂತ ಚಿಕ್ಕವರ ಹಿಂದೆ ಓಡಾಡುವುದು ಮೊದಮೊದಲು ಗಂಟಲಲ್ಲಿ ಮುಳ್ಳು ಸಿಕ್ಕಿದಂತಿತ್ತು. ಆದರೂ ಓಡಾಡಿದಳು. ರಕ್ತ ಎಲ್ಲಿಂದ ಬರುತ್ತದೆ, ಯಾವುದಕ್ಕೆ ಯಾರನ್ನು ಕರೆಯಬೇಕು, ಎಲ್ಲ ತಿಳಿದುಕೊಂಡಳು.

ಒಂದು ಮಧ್ಯಾಹ್ನ ಇನ್ನೊಬ್ಬ ಬಾಣಂತಿಗೆ ರಕ್ತ ಹರಿಯತೊಡಗಿತು. ಮದ್ದು ಕೊಟ್ಟರೂ ನಿಲ್ಲಲಿಲ್ಲ. ಡಾಕ್ಟರಮ್ಮ ಎರಡೂ ಕೈಯಲ್ಲಿ ಗರ್ಭಕೋಶವನ್ನು ಒತ್ತಿ ಹಿಡಿದಿದ್ದಳು. "ಬೆಲ್ ಒತ್ತಿ!" ಎಂದು ಕೂಗಿದಳು. ನರ್ಸ್ ಬೆಲ್ ಒತ್ತಿ, ಹಿರಿಯ ಡಾಕ್ಟರಿಗೆ ಫೋನು ಹಚ್ಚಿ ಅವಳ ಕಿವಿಗೆ ಹಿಡಿದರು.

"ನಾನು ಹೆರಿಗೆ ಕೋಣೆ ಡಾಕ್ಟರು. ಈಗಷ್ಟೇ ಹೆತ್ತ ತಾಯಿ, ಮದ್ದು ಕೊಟ್ರೂ ರಕ್ತ ನಿಲ್ತಿಲ್ಲ. ಆಪರೇಷನ್ ಬೇಕಾಗುತ್ತೆ ಅನ್ಸುತ್ತೆ. ಈಗಲೇ ಬನ್ನಿ."

ನೋಡನೋಡುತ್ತಲೇ ಕೋಣೆ ತುಂಬಿತು. ರಕ್ತ ಬಂತು. ಆಪರೇಷನ್ ಕೋಣೆಯ ದೀಪ ಹೊತ್ತಿತು. ಹಿರಿಯ ಡಾಕ್ಟರು ಕೈ ತೊಳೆದು ಬಂದರು. "ಇಂಥದ್ದು ನೀವು ಎಷ್ಟೋ ಮಾಡಿದ್ದೀರಿ. ನೀವೇ ಮಾಡಿ. ನಾನು ಎದುರಿಗೆ ನಿಲ್ತೀನಿ" ಎಂದರು.

ಅವಳೇ ಮಾಡಿದಳು. ತಾಯಿ ಬದುಕಿದಳು. ಅಷ್ಟು ರಕ್ತ ಹೋದ ಹೆಂಗಸನ್ನು ಒಬ್ಬಳಿಂದ ಉಳಿಸಲು ಸಾಧ್ಯವೇ ಇರಲಿಲ್ಲ.

ಆ ಸಂಜೆ ಅತ್ತೆಯ ಫೋನಿಗೆ ಬಿಡುವಿಲ್ಲ. ನೆಂಟರಿಷ್ಟರಿಗೆಲ್ಲ ಒಂದೇ ಮಾತು: "ನನ್ನ ಸೊಸೆ ಕರೆದ್ಲು ಅಂತ ಇಡೀ ಆಸ್ಪತ್ರೆ ಎದ್ನೋ ಬಿದ್ನೋ ಅಂತ ಓಡಿ ಬಂತಂತೆ! ಡಾಕ್ಟರು ಅಂದ್ರೆ ಹಾಗಿರ್ಬೇಕು!"

"ಮತ್ತೆ ಕೆಲಸ ಬಿಡು ಅಂದೋರು ಯಾರಮ್ಮಾ?" ಎಂದ ಮಗ.

"ಯಾರೋ ತಲೆಕೆಟ್ಟೋರು" ಎಂದು ಅತ್ತೆ ಇನ್ನೊಂದು ನಂಬರ್ ಒತ್ತಿದರು.

ಹೊಸ ನಾಡಿನಲ್ಲಿ ಕೆಲಸ ಹಿಡಿದ ಡಾಕ್ಟರೇ, ನೀವು ಕಲಿತ ವಿದ್ಯೆಯನ್ನು ಯಾರೂ ಕಿತ್ತುಕೊಂಡಿಲ್ಲ. ತಲೆಯೆತ್ತಿಯೇ ನಡೆಯಿರಿ. ಆದರೆ ಮೊದಲ ದಿನವೇ ಕೇಳಿ: ತುರ್ತಿನಲ್ಲಿ ಯಾರನ್ನು ಕರೆಯಬೇಕು, ಹೇಗೆ ಕರೆಯಬೇಕು? ಕಲಿಯಲು ದಿನ ಕೊಟ್ಟರೆ ಬೇಡ ಎನ್ನಬೇಡಿ, ಕೊಡದಿದ್ದರೆ ಕೇಳಿ ಪಡೆಯಿರಿ. ಮನೆಯವರೇ, ನೊಂದು ಬಂದವರ ಸಿಟ್ಟಿಗೆ ತುಪ್ಪ ಸುರಿಯಬೇಡಿ. ಹಾಸಿಗೆಯಲ್ಲಿ ಮಲಗಿದ ಆ ತಾಯಿಗೆ ನಿಮ್ಮ ಮನೆಯ ದೊಡ್ಡಸ್ತಿಕೆಯಿಂದ ಆಗಬೇಕಾದ್ದು ಏನೂ ಇಲ್ಲ. ಅವಳು ಎದ್ದು ಕೂತು ಮಗುವಿಗೆ ಹಾಲು ಕೊಡಬೇಕು, ಅಷ್ಟೆ.