ದಿಯೊಲಿಂಡಾಳ ಕೈಗೇರ್

ಆ ಚಳಿಗಾಲ ಪೂರ್ತಿ ದಿಯೊಲಿಂಡಾಳಿಗೆ ಮನೆಯವರೇ ಸುಳ್ಳು ಹೇಳಿದರು. ಆಕೆಯ ಐವತ್ತು ಸಿಸಿಯ ಹಳೇ ಮೋಟಾರ್‌ಸೈಕಲ್ಲನ್ನು ಆಯಿಲ್ ಬದಲಿಸಿ ತಂದುಕೊಡುತ್ತೇನೆಂದು ಅಳಿಯ ಎಲ್ದೆರ್ ತನ್ನ ಮನೆಗೆ ಒಯ್ದದ್ದು ದ್ರಾಕ್ಷಿ ಕೊಯ್ಲು ಮುಗಿದ ಹೊಸತರಲ್ಲಿ. ಆಮೇಲೆ ಕೇಳಿದಾಗಲೆಲ್ಲ ಒಂದೊಂದು ನೆಪ. ವಾಷರ್ ಸಿಕ್ಕಿಲ್ಲ, ಕಾರ್ಬುರೇಟರ್ ಕಟ್ಟಿಕೊಂಡಿದೆ, ಅಂಗಡಿಯವನು ಊರಲ್ಲಿಲ್ಲ. ಆಯಿಲ್ ಬದಲಿಸಲು ಕ್ರಿಸ್‌ಮಸ್ ದಾಟಬೇಕೇ? ಪೋರ್ಚುಗಲ್ಲಿನ ಈ ಆಗೆದಾ ಸೀಮೆಯಲ್ಲಿ, ಮೋಟಾರ್‌ಸೈಕಲ್ ಕಾರ್ಖಾನೆಗಳ ಸೈರನ್ ಕೇಳಿಯೇ ಬೆಳೆದ ಹೆಂಗಸಿಗೆ ಹೇಳುವ ಸುಳ್ಳೇ ಇದು? ಆದರೂ ದಿಯೊಲಿಂಡಾ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು.

ಸುಮ್ಮನಿರುವುದು ಸುಲಭವಿರಲಿಲ್ಲ. ಶನಿವಾರದ ಸಂತೆಗೆ ಮೊಟ್ಟೆ, ಎಲೆಕೋಸು ಒಯ್ಯುವುದು, ದಾರಿಯಲ್ಲಿ ಸ್ಮಶಾನದ ಗೇಟಿನ ಬಳಿ ನಿಲ್ಲಿಸಿ ಗಂಡ ಅಬೀಲಿಯೊನ ಸಮಾಧಿಗೆ ನಾಲ್ಕು ಹೂ ಇಡುವುದು, ಬರುವಾಗ ನದಿ ದಂಡೆಯ ಕಾಫಿ ಅಂಗಡಿಯಲ್ಲಿ ಕೂತು ಊರಿನ ಸುದ್ದಿಯನ್ನೆಲ್ಲ ಜರಡಿ ಹಿಡಿಯುವುದು, ಇಷ್ಟು ಆಕೆಯ ಬದುಕು. ಮದುವೆಯಾದಾಗಿನಿಂದ ಆಕೆ ಓಡಾಡಿದ್ದೆಲ್ಲ ಆ ಗಾಡಿಯ ಮೇಲೆಯೇ. ಈಗ ಮಗಳು ಗ್ರಾಸಾಳ ಕಾರಿನಲ್ಲಿ ಹೋಗಬೇಕು. ಮಗಳು ಎಂಜಿನ್ ಕೂಡ ಆರಿಸದೆ ಫೋನ್ ನೋಡುತ್ತ ಕೂರುತ್ತಾಳೆ, ಸ್ವಲ್ಪ ತಡವಾದರೆ ಹಾರ್ನ್ ಹೊಡೆಯುತ್ತಾಳೆ. ಕಾಫಿ ಅಂಗಡಿಯಂತೂ ಬಿಟ್ಟೇಹೋಯಿತು. ಸತ್ತ ಗಂಡನ ಹತ್ತಿರ ನಿಂತು ಮಗಳ ಬಗ್ಗೆ ನಾಲ್ಕು ದೂರು ಹೇಳೋಣವೆಂದರೆ ಅದಕ್ಕೂ ಪುರುಸೊತ್ತಿಲ್ಲ.

ದಿಯೊಲಿಂಡಾಳ ಎಡಗಾಲು ಚಿಕ್ಕಂದಿನ ಜ್ವರದಲ್ಲಿ ಸೊರಗಿಹೋದದ್ದು. ನಡೆಯುವಾಗ ಅದನ್ನು ಎಳೆದುಕೊಂಡೇ ಬರಬೇಕು. ಗಾಡಿಯ ಗೇರ್ ಪೆಡಲ್ ಇರುವುದು ಆ ಎಡಗಾಲಿನ ಕಡೆಗೇ. ಮದುವೆಯಾದ ಹೊಸತರಲ್ಲಿ ಆಕೆ ಹಟಕ್ಕೆ ಬಿದ್ದು, ಸ್ಕರ್ಟಿನ ಅಂಚು ಹಿಡಿದು ಕಾಲನ್ನು ಎತ್ತಿ ಎತ್ತಿ ಗೇರ್ ಹಾಕಲು ಹೋಗಿ, ಜೋಳದ ಹೊಲದ ಪಕ್ಕದ ಚರಂಡಿಗೆ ಗಾಡಿ ಸಮೇತ ಬಿದ್ದಳು. ನೋಡಿದವರು ನಕ್ಕರು. ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ಅಬೀಲಿಯೊ ಮಾತ್ರ ನಗಲಿಲ್ಲ. ಒಂದು ಭಾನುವಾರ ಅಡುಗೆಮನೆಯ ಮೇಜಿನ ಮೇಲೆಯೇ ಹಳೇ ಮಂಚದ ಸರಳು ಬಗ್ಗಿಸಿ, ಅರದಿಂದ ಉಜ್ಜಿ, ಟ್ಯಾಂಕಿನ ಬಲಬದಿಗೆ ಒಂದು ಕೈಗೇರ್ ಕೂಡಿಸಿಕೊಟ್ಟ. ಮುಂದಕ್ಕೆ ತಳ್ಳಿದರೆ ಗೇರ್ ಇಳಿಯುತ್ತದೆ, ಹಿಂದಕ್ಕೆ ಎಳೆದರೆ ಏರುತ್ತದೆ. ಹಿಡಿಯಲು ಏನಾದರೂ ಬೇಕಲ್ಲ? ತನ್ನ ಅಮ್ಮನ ಕಾಫಿ ಬೀಸುವ ಯಂತ್ರದ ಮರದ ಹಿಡಿಯನ್ನೇ ಬಿಚ್ಚಿ ಅದರ ತುದಿಗೆ ಹಾಕಿದ. ಆ ಮುದುಕಿ ಸಾಯುವ ತನಕ ಬರಿಯ ಕಬ್ಬಿಣದ ಕಡ್ಡಿ ಹಿಡಿದು ಕಾಫಿ ಬೀಸುತ್ತ ಸೊಸೆಗೆ ಶಾಪ ಹಾಕಿದಳು. ಹಾಕಲಿ, ಸೊಸೆ ಮತ್ತೆ ಚರಂಡಿಗೆ ಬೀಳಲಿಲ್ಲ.

ಆಕೆಯ ಎಪ್ಪತ್ತನೆಯ ಹುಟ್ಟುಹಬ್ಬ ಏಪ್ರಿಲ್ ತಿಂಗಳ ಒಂದು ಭಾನುವಾರ ಬಂತು. ಊರಿನ ಹಳೇ ಮೋಟಾರ್‌ಸೈಕಲ್ ಕ್ಲಬ್ಬಿನ ವರ್ಷದ ಸವಾರಿಯೂ ಅಂದೇ. ಬೆಳಿಗ್ಗೆ ಗ್ರಾಸಾ ಅಮ್ಮನನ್ನು ತನ್ನ ಮನೆಯಂಗಳಕ್ಕೆ ಕರೆತಂದಳು. ಅಕ್ಕಪಕ್ಕದವರೂ ಸೇರಿದ್ದರು. ಎಲ್ದೆರ್ ಗ್ಯಾರೇಜಿನ ಬಾಗಿಲು ತೆಗೆದು, ಮದುಮಗಳ ಮುಸುಕು ಸರಿಸುವವನಂತೆ ಒಂದು ಬಿಳಿ ಹಾಸನ್ನು ಎಳೆದ.

ದಿಯೊಲಿಂಡಾ ಕಾಲೆಳೆದುಕೊಂಡು ಹತ್ತಿರ ಬಂದಳು. ಗಾಡಿ ಕಾರ್ಖಾನೆಯಿಂದ ಬಂದ ದಿನದಂತಿತ್ತು. ಅಳಿಯ ಅದನ್ನು ಕೊನೆಯ ಸ್ಕ್ರೂವರೆಗೆ ಬಿಚ್ಚಿದ್ದ. ತುಕ್ಕು ಕೆರೆದು, ಟ್ಯಾಂಕಿನ ತಗ್ಗುಗಳನ್ನು ತಟ್ಟಿ ಎತ್ತಿ, ಮೊದಲಿನದೇ ದ್ರಾಕ್ಷಿ ಕೆಂಪು ಹೊಡೆದಿದ್ದ. ಸೀಟಿಗೆ ಹೊಸ ಹೊದಿಕೆ, ಚಕ್ರಗಳಿಗೆ ಹೊಸ ಕಡ್ಡಿ, ಸ್ಪೇನಿನಿಂದ ತರಿಸಿದ ಹಳೇ ಮಾದರಿಯ ಸ್ಟಿಕ್ಕರು. ಮೊಟ್ಟೆಬುಟ್ಟಿ ಉಜ್ಜಿ ಉಜ್ಜಿ ಹಿಂಬದಿಯಲ್ಲಿ ಬಿದ್ದಿದ್ದ ಗೀರುಗಳೆಲ್ಲ ಮಾಯವಾಗಿದ್ದವು. ಅವು ಹೋದದ್ದಕ್ಕೆ ಆಕೆಗೆ ತುಸು ಬೇಸರವಾಯಿತು, ಆದರೂ ಖುಷಿಯೇ ಹೆಚ್ಚು. ಆಕೆ ಗಾಡಿಯ ಬಲಬದಿಗೆ ಬಂದು ಅಭ್ಯಾಸಬಲದಿಂದ ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ.

"ಕೈಗೇರ್ ಎಲ್ಲಿ?"

"ಓ, ಅದಾ ಅತ್ತೆ? ತೆಗೆದೆ," ಎಂದ ಎಲ್ದೆರ್, ನಗುನಗುತ್ತಲೇ. "ಕಾರ್ಖಾನೆಯಿಂದ ಬಂದಾಗ ಅದು ಇರ್ಲಿಲ್ವಲ್ಲ. ಈ ಕಡೆ ಬನ್ನಿ, ಪೆಡಲ್ ನೋಡಿ. ಆ ಕಾಲದ್ದೇ. ಪೋರ್ಚುಗಲ್ ಪೂರ್ತಿ ಹುಡುಕಿದ್ರೂ ಇಂಥದ್ದು ಇನ್ನೊಂದು ಸಿಗಲ್ಲ."

"ಸಿಗದೇ ಇರ್ಲಿ. ನಾನು ಗೇರ್ ಹಾಕೋದು ಹೇಗೆ?"

ಎಲ್ದೆರ್ ಹೆಂಡತಿಯ ಮುಖ ನೋಡಿದ. ಗ್ರಾಸಾ ನೆಲ ನೋಡಿದಳು.

"ಅಮ್ಮಾ, ನಿನಗೀಗ ಎಪ್ಪತ್ತು," ಎಂದಳು ಗ್ರಾಸಾ, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ. "ಇನ್ನು ಓಡಿಸೋದು ಬೇಡ ಅಂತ ನಾವು ಮಾತಾಡ್ಕೊಂಡ್ವಿ. ಗಾಡಿ ಹೀಗೇ ಚೆಂದಾಗಿರುತ್ತೆ. ಸವಾರಿಗೆ ಎಲ್ದೆರ್ ಓಡಿಸ್ತಾನೆ, ನೀನು ಹಿಂದೆ ಕೂತ್ಕೋ. ಸಂತೆಗೆ ನಾನು ಕರ್ಕೊಂಡು ಹೋಗ್ತಿಲ್ವಾ?"

"ಮಾತಾಡ್ಕೊಂಡ್ರಾ? ಯಾರ್ಯಾರು?"

"ನಾನು, ಎಲ್ದೆರು."

"ಗಾಡಿ ನಂದು, ಕಾಲು ನಂದು, ಮಾತು ಮಾತ್ರ ನಿಮ್ಮಿಬ್ರದು! ಆ ಕೈಗೇರ್ ಏನ್ ಮಾಡ್ದೆ ಎಲ್ದೆರ್?"

"ಗುಜರಿಗೆ ಹೋಯ್ತೇನೋ ಅತ್ತೆ. ನೆನಪಿಲ್ಲ," ಎಂದ ಅವನು. ಅವನ ಕಿವಿ ಕೆಂಪಾದದ್ದನ್ನು ಆಕೆ ನೋಡಿದಳು.

ಅಷ್ಟರಲ್ಲಿ ನೆರೆಯವರು ಕೇಕ್ ಹಿಡಿದು ಹಾಡಲು ಶುರುಮಾಡಿದರು. ಬಾಯಿಗೆ ಕೇಕ್ ತುರುಕಿದ ಮೇಲೆ ಜಗಳವಾಡುವುದು ಹೇಗೆ? ದಿಯೊಲಿಂಡಾ ನುಂಗಿದಳು, ಕೇಕನ್ನೂ ಸಿಟ್ಟನ್ನೂ.

ಸವಾರಿಗೆ ಆಕೆ ಹೋದದ್ದು ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ, ಹಿಟ್ಟಿನ ಮೂಟೆಯಂತೆ. ಚರ್ಚಿನ ಮುಂದೆ ಪಾದ್ರಿ ಸಾಲು ಗಾಡಿಗಳ ಮೇಲೆ ಪವಿತ್ರ ಜಲ ಚಿಮುಕಿಸಿದ, ನೀಲಿ ಹೊಗೆಯಲ್ಲಿ ಅವನೇ ಕೆಮ್ಮಿದ. ಹೊರಟ ಮೇಲೆ ದಾರಿಯುದ್ದಕ್ಕೂ ಎಲ್ದೆರನ ಎಡಗಾಲು ಪೆಡಲ್ ತುಳಿಯುವುದು, ಪ್ರತಿ ಏರಿನಲ್ಲೂ ಎಂಜಿನ್ ನರಳುವುದು ಆಕೆಯ ಮೈಗೇ ತಾಗುತ್ತಿತ್ತು. ಎರಡನೇ ಗೇರಿಗೆ ಇಳಿಸಬೇಕಾದ ಕಡೆ ಅವನು ಮೂರರಲ್ಲೇ ಒದ್ದಾಡಿಸುತ್ತಿದ್ದ. ಆಕೆಯ ಬಲಗೈ ತಾನಾಗಿ ಮುಂದೆ ಹೋಗಿ, ಏನೂ ಸಿಗದೆ, ಮತ್ತೆ ತೊಡೆಯ ಮೇಲೆ ಬಂದು ಕೂರುತ್ತಿತ್ತು. ತನ್ನ ಗಾಡಿಯ ಮೇಲೆ ತಾನು ಹೊರೆ. ಈ ಅವಮಾನಕ್ಕೆ ಹುಟ್ಟುಹಬ್ಬದ ಉಡುಗೊರೆ ಎಂದು ಹೆಸರು ಬೇರೆ!

ಮಧ್ಯಾಹ್ನ ಕ್ಲಬ್ಬಿನ ಶೆಡ್ಡಿನಲ್ಲಿ ಊಟ. ಉದ್ದನೆಯ ಮೇಜುಗಳ ಮೇಲೆ ಹುರಿದ ಹಂದಿಮರಿ, ಕಿತ್ತಳೆ ಹೋಳು, ನೊರೆಯುಕ್ಕುವ ವೈನು. ದಿಯೊಲಿಂಡಾಳ ಗಾಡಿ ಹೊರಗೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಅದಕ್ಕೇ ಈ ಸಲದ ಬಹುಮಾನ ಎಂದು ಎಲ್ಲರೂ ಬಂದು ಎಲ್ದೆರನ ಬೆನ್ನು ತಟ್ಟಿದರು.

ಈ ಕ್ಲಬ್ಬಿಗೊಂದು ಚಾಳಿಯಿತ್ತು. ಹಳೇ ಗಾಡಿಗಳನ್ನು ಬಿಚ್ಚುವಾಗ ಯಾರೋ ಬಡಪಾಯಿ ಮನೆಯಲ್ಲೇ ಮಾಡಿಕೊಂಡ ವಿಚಿತ್ರ ರಿಪೇರಿ ಸಿಕ್ಕಿದರೆ, ಅದನ್ನು ತಂದು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತುಹಾಕುವುದು. ಅದರ ಹೆಸರು ನಗೆಗೋಡೆ. ಬ್ರೇಕ್ ಹಿಡಿಯ ಬದಲು ಹಾಕಿದ್ದ ಸೌಟು, ಏರ್ ಫಿಲ್ಟರಿಗೆ ಮುಚ್ಚಿದ್ದ ಮೀನಿನ ಡಬ್ಬಿ, ಸ್ಪ್ರಿಂಗಿನ ಬದಲು ಕಟ್ಟಿದ್ದ ಹೆಂಗಸರ ಕಾಲುಚೀಲ. ಊಟದ ಕೊನೆಯಲ್ಲಿ ಅಧ್ಯಕ್ಷ ನೊರ್ಬೆರ್ಟೊ ಒಂದೊಂದನ್ನೇ ತೋರಿಸಿ ಗೇಲಿ ಮಾಡುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದಕ್ಕೆ ಸಾಸೇಜಿನ ಹಾರ ಹಾಕಿ ಚಪ್ಪಾಳೆ ಹೊಡೆಯುತ್ತಾರೆ.

"ಇನ್ನು ಈ ವರ್ಷದ ಮಹಾರಾಜ!" ಎಂದು ನೊರ್ಬೆರ್ಟೊ ಕೋಲಿನಿಂದ ಗೋಡೆಯ ಮೂಲೆಗೆ ಬಡಿದ. "ನೋಡ್ರಪ್ಪಾ, ಮಂಚದ ಸರಳು, ಅದರ ತುದಿಗೆ ಕಾಫಿ ಯಂತ್ರದ ಹಿಡಿ. ಗಾಡೀನೂ ಓಡ್ತಿತ್ತಂತೆ, ಕಾಫೀನೂ ಬೀಸ್ಕೋಬಹುದಿತ್ತಂತೆ!" ಅವನು ಹೊಟ್ಟೆಯ ಮುಂದೆ ಕೈ ಗಿರಗಿರ ತಿರುಗಿಸಿ ತೋರಿಸಿದ. ಶೆಡ್ಡು ಬಿದ್ದು ಬಿದ್ದು ನಕ್ಕಿತು. ಕೆಳಗಿನ ಚೀಟಿಯನ್ನು ಅವನು ಜೋರಾಗಿ ಓದಿದ: "ಯಾವ ಮಹಾನುಭಾವನ ಕೈಚಳಕ?"

ದಿಯೊಲಿಂಡಾ ಫೋರ್ಕನ್ನು ತಟ್ಟೆಯಲ್ಲಿಟ್ಟಳು. ಅಳಿಯನ ಕಡೆ ತಿರುಗಿದಳು. ಎಲ್ದೆರ್ ತಲೆ ಬಗ್ಗಿಸಿ ತಟ್ಟೆಯಲ್ಲಿದ್ದ ಎಲುಬುಗಳನ್ನು ನೋಡುತ್ತಿದ್ದ. ಗುಜರಿಗೆ ಹೋಗಿದ್ದರೂ ಆಕೆ ಸಹಿಸುತ್ತಿದ್ದಳೇನೋ. ಇವನು ಇಲ್ಲಿಗೆ ತಂದುಕೊಟ್ಟಿದ್ದ. ಯಾರದೆಂದು ಬಾಯಿ ಬಿಡದೆ, ಕೊಟ್ಟ ದಿನ ನಗುವವರ ಜೊತೆ ತಾನೂ ನಕ್ಕಿರಬೇಕು.

ಆಕೆ ಎದ್ದಳು. ಕಾಲೆಳೆದುಕೊಂಡು ಆ ಶೆಡ್ಡಿನ ಉದ್ದಕ್ಕೂ ನಡೆದಳು. ಸಿಮೆಂಟು ನೆಲಕ್ಕೆ ಬೂಟು ಉಜ್ಜುವ ಸದ್ದಿಗೆ ಒಂದೊಂದೇ ಮೇಜಿನ ನಗು ತಣ್ಣಗಾಯಿತು.

"ನೊರ್ಬೆರ್ಟೊ, ಅದನ್ನ ಇಳಿಸು."

"ಯಾಕೆ ದೋನಾ ದಿಯೊಲಿಂಡಾ, ಕಾಫಿ ಬೇಕಾಗಿತ್ತಾ?"

"ಮಹಾನುಭಾವ ಯಾರು ಅಂತ ಕೇಳಿದ್ಯಲ್ಲ. ಅಬೀಲಿಯೊ ಕಣೋ. ನೀನೇ ಹೆಗಲು ಕೊಟ್ಟು ಮಣ್ಣು ಮಾಡಿ ಬಂದ್ಯಲ್ಲ, ಆ ಅಬೀಲಿಯೊ."

ನೊರ್ಬೆರ್ಟೊನ ಕೋಲು ಕೆಳಗಿಳಿಯಿತು. "ಅಯ್ಯೋ, ನಮಗೆ ಗೊತ್ತಿರ್ಲಿಲ್ಲ. ಯಾರೂ ಹೇಳ್ಲಿಲ್ಲ..."

"ನಗೋಕೆ ಏನೂ ಗೊತ್ತಿರಬೇಕಾಗಿರ್ಲಿಲ್ಲ, ಅಲ್ವಾ? ಇಷ್ಟು ವರ್ಷ ನಿಮ್ಮೆಲ್ಲರ ಬಾಗಿಲ ಮುಂದೇನೇ ಓಡಾಡಿದೀನಿ. ನಿಮ್ಮಮ್ಮಂದಿರಿಗೆ ಮೊಟ್ಟೆ ಕೊಟ್ಟಿದೀನಿ. ನನ್ನ ಕುಂಟುಕಾಲು ಎಲ್ರಿಗೂ ಕಾಣ್ತಿತ್ತು. ಕುಂಟಿ ಗೇರ್ ಹೇಗೆ ಹಾಕ್ತಾಳೆ ಅಂತ ನೋಡೋಕೆ ಒಬ್ಬರಿಗೂ ಕಣ್ಣಿರ್ಲಿಲ್ಲ!"

ಆಕೆಯೇ ಕೈ ಎತ್ತಿ ಅದನ್ನು ಮೊಳೆಯಿಂದ ಬಿಡಿಸಿದಳು. ಸರಳು, ಹಿಡಿ, ಪೆಡಲಿನ ಜಾಗಕ್ಕೆ ಕೂರುವ ಕೆಳಗಿನ ಮೋಟು ತೋಳು, ಎಲ್ಲ ಇದ್ದವು.

ಎಲ್ದೆರ್ ಹಿಂದೆಯೇ ಬಂದಿದ್ದ. "ತಪ್ಪಾಯ್ತು ಅತ್ತೆ. ಮನೆಗೆ ಹೋಗಿ ಮಾತಾಡೋಣ."

"ಮಾತಾಡೋದನ್ನ ನೀವು ಚಳಿಗಾಲದಲ್ಲೇ ಮುಗಿಸಿದೀರಿ. ಸ್ಪ್ಯಾನರ್ ತಗೊಂಡು ಹೊರಗೆ ಬಾ."

ಹೊರಗೆ ಗಾಡಿಯ ಸುತ್ತ ಜನ ನೆರೆದರು. ಎಲ್ದೆರ್ ಟ್ಯಾಂಕಿನ ಕೆಳಗೆ ಬೆರಳಾಡಿಸಿದ. "ಇದನ್ನ ಕೂಡಿಸೋ ಕೊಕ್ಕೆ ಇತ್ತಲ್ಲ, ಅದನ್ನ ಕೊಯ್ದು ನಯ ಮಾಡ್ಬಿಟ್ಟೆ ಅತ್ತೆ. ಈಗ ಜಾಗ ಇಲ್ಲ."

"ಕಬ್ಬಿಣದ ಪಟ್ಟಿ ಸುತ್ತಿ ಬಿಗಿ."

"ಪೇಂಟ್ ಕಿತ್ತು ಬರುತ್ತೆ," ಎಂದ ಅವನು. ಟ್ಯಾಂಕಿನ ಮೇಲೆ ಅಂಗೈ ಇಟ್ಟಿದ್ದ.

ದಿಯೊಲಿಂಡಾ ಅವನ ಕೈಗಳನ್ನು ನೋಡಿದಳು. ಉಜ್ಜುಕಾಗದ ಹಿಡಿದು ಹಿಡಿದು ಬೆರಳ ತುದಿಗಳು ಒಡೆದಿದ್ದವು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು. ಅಂಥ ಕೈಗಳ ಜೊತೆಗೇ ಆಕೆ ಸಂಸಾರ ಮಾಡಿದವಳು. ಪಾಪ ಎನಿಸಿತು. ಇಷ್ಟು ಪಾಡುಪಟ್ಟವನು ಒಂದು ಮಾತು ತನ್ನನ್ನು ಕೇಳಿದ್ದರೆ ಸಾಕಾಗಿತ್ತಲ್ಲ ಎಂದು ಸಿಟ್ಟು ಇಮ್ಮಡಿಯೂ ಆಯಿತು.

"ಬರ್ಲಿ," ಎಂದಳು.

ನೊರ್ಬೆರ್ಟೊ ಮೆಲ್ಲಗೆ ಕೆಮ್ಮಿದ. "ಹಾಗೆ ಮಾಡಿದ್ರೆ ಇದು ಮೂಲ ರೂಪದ ಗಾಡಿ ಅಂತ ಲೆಕ್ಕಕ್ಕೆ ಬರಲ್ಲ, ದೋನಾ ದಿಯೊಲಿಂಡಾ. ಬಹುಮಾನ ಕೊಡೋಕಾಗಲ್ಲ."

"ಬಹುಮಾನ ನೀನೇ ಇಟ್ಕೋ. ಅದರ ಮೇಲೆ ಮೊಟ್ಟೆಬುಟ್ಟಿ ಕಟ್ಟೋಕಾಗುತ್ತಾ?"

ಯಾರೋ ತಮ್ಮ ಗಾಡಿಯ ಚೀಲದಿಂದ ಒಂದು ಪಟ್ಟಿ ಹುಡುಕಿ ತಂದುಕೊಟ್ಟರು, ಇನ್ಯಾರೋ ನಟ್ಟು. ಎಲ್ದೆರ್ ಮಂಡಿಯೂರಿ ಕೂತ. ಹೊಳೆಯುವ ಪೆಡಲನ್ನು ಬಿಚ್ಚಿ ಆ ಜಾಗಕ್ಕೆ ಮೋಟು ತೋಳು ಹಾಕಿದ, ಸರಳನ್ನು ಎಂಜಿನ್ನಿನ ಮೇಲಿನಿಂದ ಈಚೆಗೆ ತಂದ, ಪಟ್ಟಿ ಸುತ್ತಿ ಬಿಗಿದ. ದ್ರಾಕ್ಷಿ ಕೆಂಪು ಬಣ್ಣ ಚಕ್ಕೆಯಾಗಿ ಎದ್ದು ಅವನ ತೋಳಿನ ಮೇಲೆ ಉದುರಿತು. ಅವನು ಒರೆಸಿಕೊಳ್ಳಲಿಲ್ಲ. ದಿಯೊಲಿಂಡಾ ಹಿಡಿಯನ್ನು ಹಿಂದೆ ಮುಂದೆ ಆಡಿಸಿ ನೋಡಿದಳು. ಮರದ ಗುಂಡು ಅಂಗೈಯೊಳಗೆ ಹೋಗಿ ತನ್ನ ಜಾಗದಲ್ಲಿ ಕೂತಿತು.

"ಅಮ್ಮಾ, ಬಿದ್ರೆ?" ಎಂದಳು ಗ್ರಾಸಾ, ಅಮ್ಮನ ಕೈಚೀಲ ಎದೆಗವಚಿಕೊಂಡು.

"ಬಿದ್ರೆ ಫೋನ್ ಮಾಡ್ತೀನಿ. ನೀನು ಹೇಗೂ ಅದನ್ನೇ ನೋಡ್ತಾ ಕೂತಿರ್ತೀಯ."

ಎಲ್ದೆರನ ಕೈಯಲ್ಲಿ ಆ ಪೆಡಲ್ ಉಳಿದಿತ್ತು. ಎಲ್ಲಿಡಬೇಕೆಂದು ತಿಳಿಯದೆ ಹಿಡಿದು ನಿಂತಿದ್ದ. ದಿಯೊಲಿಂಡಾ ಅದನ್ನು ಕಿತ್ತುಕೊಂಡು ಶೆಡ್ಡಿನೊಳಗೆ ಹೋದಳು. ಜನ ದಾರಿ ಬಿಟ್ಟರು. ನಗೆಗೋಡೆಯ ಖಾಲಿ ಮೊಳೆಗೆ ಅದನ್ನು ನೇತುಹಾಕಿದಳು. ಕೆಳಗೆ ಚೀಟಿ ಹಾಗೇ ಇತ್ತು.

ನೊರ್ಬೆರ್ಟೊ ಚೀಟಿ ಕೀಳಲು ಕೈ ಹಾಕಿದ.

"ಇರ್ಲಿ ಬಿಡಿ ಯಜಮಾನ್ರೇ," ಎಂದ ಎಲ್ದೆರ್ ಬಾಗಿಲಲ್ಲಿ ನಿಂತು. "ಆ ಕೈಚಳಕ ನಂದೇ."

ದಿಯೊಲಿಂಡಾ ಅವನನ್ನು ದಾಟಿ ಹೊರಗೆ ಬಂದಳು. ಕ್ಷಮಿಸಿದೆ ಎನ್ನುವ ಮಾತು ಬಾಯಿಗೆ ಬರಲಿಲ್ಲ, ಬರಿಸಲು ಆಕೆ ಪ್ರಯತ್ನಿಸಲೂ ಇಲ್ಲ. ಮಗಳ ಕೈಯಿಂದ ಚೀಲ ಇಸಕೊಂಡು ಗಾಡಿ ಹತ್ತಿದಳು. ಬಲಗಾಲಿನಿಂದ ಒದ್ದು ಸ್ಟಾರ್ಟ್ ಮಾಡಿದಳು, ಹಿಡಿ ಎಳೆದಳು. ಸೇತುವೆಯ ಏರಿನಲ್ಲಿ ಎರಡಕ್ಕೆ ಇಳಿಸಿದಾಗ ಎಂಜಿನ್ ಒಂದಿಷ್ಟೂ ನರಳಲಿಲ್ಲ.

ಸ್ಮಶಾನದ ಗೇಟಿನ ಬಳಿ ಗಾಡಿ ನಿಲ್ಲಿಸಿದಳು. ಹೂ ತಂದಿರಲಿಲ್ಲ. ಆದರೆ ಅಬೀಲಿಯೊನಿಗೆ ಹೇಳಲು ಇಡೀ ಚಳಿಗಾಲದ ದೂರು ಬಾಕಿಯಿತ್ತು. ಮಗಳಿಂದಲೇ ಶುರುಮಾಡಿದಳು. ಹಾರ್ನ್ ಹೊಡೆಯುವವರು ಯಾರೂ ಇರಲಿಲ್ಲ.