ಮುಷ್ಟಿಯೊಳಗಿನ ಪೆನ್ಸಿಲ್

ಮಕ್ಕಳು ಬರೆದದ್ದನ್ನು ಕೆಂಪು ಶಾಯಿಯಲ್ಲಿ ತಿದ್ದುವ ನೀವು, ಅವರು ಬರೆಯುವುದನ್ನು ಒಮ್ಮೆಯಾದರೂ ಕಣ್ಣಿಟ್ಟು ನೋಡಿದ್ದೀರಾ? ಫೈಲಿನೊಳಗೆ ಶಾಲೆಯ ಬರಹದ ಹಾಳೆ, ಅದರ ನಡುವೆ ಒಂದು ಹರಕು, ಪೆನ್ಸಿಲನ್ನು ಒತ್ತಿ ಒತ್ತಿ ಆದದ್ದು, ಅದರ ಅಂಚು ಅವಳ ತೋರುಬೆರಳಿಗೆ ಒರಟಾಗಿ ತಾಗುತ್ತಿತ್ತು — ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕುಳಿತು ವೈದ್ಯರು ಬರೆದ ಒಂದೊಂದು ಕಾಯಿಲೆಗೂ ಅದರ ಕೋಡ್ ಹುಡುಕಿ ಹಾಕುವುದು ಅವಳ ಕೆಲಸ, ಮೂಳೆ ಮುರಿತ, ಜ್ವರ, ಮಧುಮೇಹ, ಯಾವುದಕ್ಕೂ ಬೆರಳು ತಡವರಿಸಿದ್ದಿಲ್ಲ, ಈ ಶಾಲಾ ಹುಡುಗಿಯ ಫೈಲಿನ ಮೇಲೆ ಮಾತ್ರ ನಿಂತುಬಿಟ್ಟಿದೆ, ಓದಲು ಬರುತ್ತದೆ, ಕೇಳಿದ್ದಕ್ಕೆ ಪಟಪಟನೆ ಉತ್ತರಿಸುತ್ತಾಳೆ, ಬರೆ ಎಂದರೆ ಹಾಳೆ ಹರಿಯುತ್ತದೆ, ಇಷ್ಟೆಲ್ಲದರ ಕೆಳಗೆ ವೈದ್ಯರ ಒಂದೇ ಸಾಲು, ಓದಿನಲ್ಲಿ ಹಿಂದುಳಿದಿದ್ದಾಳೆ — ಹಿಂದುಳಿದಿದ್ದಾಳಂತೆ, ಅಕ್ಕನಿಗೂ ಇದೇ ಮಾತು, ಹಿತ್ತಿಲ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತ ಇತಿಹಾಸದ ಪಾಠವನ್ನೆಲ್ಲ ಕಥೆ ಮಾಡಿ ಹೇಳುತ್ತಿದ್ದ ಅಕ್ಕ, ರಾಜ ಕುದುರೆಯಿಂದ ಬೀಳುವಾಗ ತಾನೂ ಬುಟ್ಟಿ ಸಮೇತ ಉರುಳುತ್ತಿದ್ದ ಅಕ್ಕ, ಸಾಕು ಸುಮ್ನಿರೇ, ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಳ್ತು ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಮೆಟ್ಟಿಲ ತುಂಬ ಹಸಿರು ಕಾಳು, ಆ ಹಸಿ ಸಿಪ್ಪೆಯ ವಾಸನೆ ಇಲ್ಲಿ ಈ ಹಳೆಯ ಕಾಗದಗಳ ನಡುವೆ ಹೇಗೆ ಬಂತು — ಮರುದಿನ ತರಗತಿಯಲ್ಲಿ ಅದೇ ಪಾಠವನ್ನು ಬರೆಯಬೇಕು, ಬಾಯಿ ನೋಡಿದ್ರೆ ಊರಗಲ, ಕೈ ಮಾತ್ರ ಸೋಮಾರಿ ಎಂದರು ಮೇಷ್ಟ್ರು, ಎರಡು ತರಗತಿಗೆ ಒಂದೇ ಕೋಣೆ, ಪಕ್ಕದ ಬೆಂಚಿನಿಂದ ಅವಳು ಅಕ್ಕನ ಕೈಯನ್ನು ನೋಡುತ್ತಿದ್ದಳು, ಪೆನ್ಸಿಲ್ ಬೆರಳ ತುದಿಯಲ್ಲಿಲ್ಲ, ಮುಷ್ಟಿಯೊಳಗಿದೆ, ಹೆಬ್ಬೆರಳು ಒಳಗೆ ಅಡಗಿದೆ, ಗೆಣ್ಣುಗಳು ಸುಣ್ಣದಂತೆ ಬಿಳಿ, ಸೋಮಾರಿಯ ಕೈ ಹಾಗೆ ಬೆವರುತ್ತದೆಯೇ?

ಏನ್ ಮೇಡಂ, ಇನ್ನೂ ಅದೇ ಫೈಲಾ, ಎದುರು ಮೇಜಿನ ಸಹೋದ್ಯೋಗಿ ಡಬ್ಬಿಯ ಮುಚ್ಚಳ ತೆರೆಯುತ್ತಿದ್ದಾನೆ, ಡಾಕ್ಟ್ರು ಬರೆದಿದ್ದಕ್ಕೆ ಕೋಡ್ ಹಾಕೋದು ನಮ್ಮ ಕೆಲಸ, ಬರೀದೇ ಇರೋದಕ್ಕಲ್ಲ, ಹಿಂದುಳಿದಿದ್ದಾಳೆ ಅಂತ ಹಾಕಿ ಬನ್ನಿ, ಊಟ ಆರ್ತಿದೆ — ನಿಯಮ ಸರಿಯೇ, ವೈದ್ಯರು ಹೇಳದ ಕಾಯಿಲೆಯನ್ನು ಅವಳು ಹೇಳಕೂಡದು, ಪ್ರಶ್ನೆ ಕೇಳಬಹುದು, ಉತ್ತರವನ್ನು ಅವರ ಬಾಯಿಗೆ ತುರುಕಕೂಡದು, ಆದರೆ ಬರವಣಿಗೆಯ ತೊಂದರೆಗೆ ಬೇರೆಯದೇ ಕೋಡ್ ಇದೆ, ಅದು ಬಿದ್ದರೆ ಹುಡುಗಿ ವಾರ್ಷಿಕ ಪರೀಕ್ಷೆಗೆ ಬಾಯಲ್ಲೇ ಉತ್ತರಿಸಬಹುದು, ಹಿಂದುಳಿದವಳೆಂಬ ಕೋಡ್ ಬಿದ್ದರೆ ಏನೂ ಇಲ್ಲ, ಅದೇ ಬೆಂಚು, ಅದೇ ಬೈಗುಳ, ಆಮೇಲೊಂದು ದಿನ ಅಕ್ಕನ ಹಾಗೆ ಚೀಲವನ್ನು ಮೊಳೆಗೆ ತೂಗುಹಾಕಿ ನಾನಿನ್ನು ಹೋಗಲ್ಲ ಅನ್ನುವುದು — ಇಂದಿಗೂ ಫೋನಿನಲ್ಲಿ ಕಥೆ ಹೇಳಿ ನಗಿಸುತ್ತಾಳೆ ಅಕ್ಕ, ಬ್ಯಾಂಕಿನಲ್ಲಿ ಸಹಿ ಮಾಡುವಾಗ ಮಾತ್ರ ಎಲ್ಲರಿಗೂ ಬೆನ್ನು ತಿರುಗಿಸುತ್ತಾಳೆ.

ಅವಳು ಮೇಜಿನ ಫೋನೆತ್ತಿ ವೈದ್ಯರಿಗೆ ಕರೆ ಮಾಡಿದಳು. ಏನಮ್ಮಾ, ನನ್ನ ಅಕ್ಷರ ಓದೋಕಾಗ್ಲಿಲ್ವಾ, ಬರೆಯೋ ಕಾಯಿಲೆ ಇರೋದು ನನಗೇ ಕಣಮ್ಮ, ಎಂದು ವೈದ್ಯರು ನಕ್ಕರು, ಅವಳೂ ನಕ್ಕಳು, ಅಕ್ಷರ ತಿಳೀತು ಸಾರ್, ಒಂದು ಮಾತು ಕೇಳ್ಬೇಕಿತ್ತು, ಆ ಮಗು ಬರೆಯೋದನ್ನ ನೀವು ನೋಡಿದೀರಾ? ಆ ತುದಿಯಲ್ಲಿ ಕುರ್ಚಿ ಕಿರುಗುಟ್ಟಿತು, ಇಲ್ಲಮ್ಮ, ಬರೆದಿದ್ದನ್ನ ನೋಡಿದೆ, ಬರೆಯೋದನ್ನ ನೋಡ್ಲಿಲ್ಲ, ನಾಳೆ ಕರೆಸ್ತೀನಿ, ಎದುರಿಗೇ ಬರೆಸ್ತೀನಿ, ಅಲ್ಲೀವರೆಗೂ ಏನೂ ಹಾಕ್ಬೇಡಿ — ಹಾಕಲಿಲ್ಲ, ಕೋಡ್ ಬೀಳಬೇಕಾದ ಜಾಗ ಪರದೆಯ ಮೇಲೆ ಖಾಲಿಯಾಗಿ ಮಿನುಗುತ್ತಿದೆ, ಈ ಹುಡುಗಿಯ ಕೈಯನ್ನು ನಾಳೆ ಒಬ್ಬರು ನೋಡುತ್ತಾರೆ, ಅಕ್ಕನದನ್ನು ದೊಡ್ಡವರು ಯಾರೂ ನೋಡಲಿಲ್ಲ, ಮೆಟ್ಟಿಲು, ಹಸಿರು ಕಾಳು, ಅಮ್ಮನ ನಗು, ಬೆಂಚು, ಮುಷ್ಟಿ, ಒಳಗೆ ಅಡಗಿದ ಹೆಬ್ಬೆರಳು, ಸುಣ್ಣದಂಥ ಬಿಳಿ ಗೆಣ್ಣುಗಳು — ಸೋಮಾರಿ ಎಂಬ ಮಾತು ನಿಮ್ಮ ನಾಲಿಗೆಗೆ ಬರುವ ಮುನ್ನ, ದಯವಿಟ್ಟು, ಆ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ನೋಡಿ.